ವಿದ್ಯಾದಾನವೂ ಪ್ರಗತಿಯ ಕಟ್ಟಳೆಯೂ

ಕಳೆದ ವರ್ಷ ನಮ್ಮ ಸಂಘದ ವಿದ್ಯಾರ್ಥಿ ಸಹಾಯನಿಧಿಯ ಸಮಿತಿ ಸೇರಿದ್ದಾಗ ಸದಸ್ಯರೊಬ್ಬರು ಒಂದು ಸೂಚನೆಯನ್ನು ಮಂಡಿಸಿದರು. ನಿಧಿಯಿಂದ ವೇತನ ಪಡೆಯುವ ಕಾಲೇಜು ವಿದ್ಯಾರ್ಥಿಯು ಯಾವುದೇ ಒಂದು ವಿಷಯದಲ್ಲಿ ಅನುತ್ತೀರ್ಣನಾದರೂ ಅವನ ಮುಂದಿನ ಕಂತನ್ನು ತಡೆಹಿಡಿಯತಕ್ಕದ್ದು ಎಂಬುದು ಅದರ ತಾತ್ಪರ್ಯ. 'ಕೊಡುವವರು ಲೆಕ್ಕ ಕೇಳುವುದು ತಪ್ಪೆ?' ಎಂದು ಅವರು ಕೇಳಿದರು. ತಪ್ಪಲ್ಲ. ಆದರೆ ಲೆಕ್ಕವನ್ನು ಯಾರಿಂದ ಕೇಳಬೇಕು ಎಂಬ ಸಂಶಯ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಸೂಚನೆಯನ್ನು ಮುಂದಿನ ಸಭೆಗೆ ಉಳಿಸಿಕೊಂಡೆವು. ನಡುವಿನ ಬಿಡುವಿನಲ್ಲಿ ಹಳೆಯ ದತ್ತಿಶಾಸನಗಳನ್ನೂ ಹೊಸ ನಿಯಮಾವಳಿಗಳನ್ನೂ ಒಟ್ಟಿಗಿಟ್ಟು ಓದಿದುದರ ಫಲ ಈ ಲೇಖನ. ಯಾವ ಕರಾರುಪತ್ರ ಕೈಗೆ ಬಂದರೂ ಅದರಲ್ಲಿ ಷರತ್ತು ಯಾರ ಮೇಲೆ ಬೀಳುತ್ತದೆಂದು ಮೊದಲು ನೋಡುವುದು ಬ್ಯಾಂಕಿನವನಾದ ನನಗೆ ಅಂಟಿಕೊಂಡ ಅಭ್ಯಾಸ. ಶಾಸನಗಳನ್ನೂ ಹಾಗೆಯೇ ಓದಿದ್ದೇನೆ, ಪಂಡಿತರು ಕ್ಷಮಿಸಬೇಕು.

ಪಲ್ಲಾವರದಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥವರಿಗೆ ಪಲ್ಲವರ ನೆನಪನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಊರಿನ ಗುಡ್ಡದಲ್ಲಿ ಒಂದನೆಯ ಮಹೇಂದ್ರವರ್ಮನು ಏಳನೆಯ ಶತಮಾನದ ಆದಿಭಾಗದಲ್ಲಿ ಕೊರೆಯಿಸಿದ ಗುಹಾಲಯವಿದೆ. ಅವನ ಬಿರುದುಗಳು ಅಲ್ಲಿಯ ಕಲ್ಲಿನ ಮೇಲಿವೆ. ಇಂದು ಅದು ದರ್ಗಾ ಆಗಿದೆ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 60 ಕಿಲೋಮೀಟರು ಹೋದರೆ ಪಲ್ಲವರ ರಾಜಧಾನಿಯಾದ ಕಾಂಚಿ. ಕನ್ನಡನಾಡಿನಿಂದ ವಿದ್ಯೆಗಾಗಿ ಈ ಕಡೆಗೆ ಬಂದವರಲ್ಲಿ ನಮಗೆ ಹೆಸರು ತಿಳಿದಿರುವ ಮೊದಲಿಗನು ಆ ದಾರಿಯನ್ನೇ ಹಿಡಿದವನು. ತಾಳಗುಂದದ ಸ್ತಂಭಶಾಸನದಲ್ಲಿ ಕುಬ್ಜಕವಿಯು ಹೇಳುವಂತೆ ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ಪಲ್ಲವರ ಪಟ್ಟಣಕ್ಕೆ ಬಂದು, ವೇದವನ್ನು ಪೂರ್ಣವಾಗಿ ಕಲಿಯುವ ಇಚ್ಛೆಯಿಂದ ಘಟಿಕೆಯನ್ನು ಹೊಕ್ಕನು. ಅಲ್ಲಿ ಅವನನ್ನು 'ತರ್ಕುಕ' ಎಂದು ಕರೆದಿದೆ. ಬೇಡಿ ಬಂದವನು ಎಂದರ್ಥ. ಮುಂದೆ ಪಲ್ಲವರ ಕುದುರೆಯಾಳಿನೊಡನೆ ಜಗಳವಾಗಿ, ಓದನ್ನು ನಡುವಿನಲ್ಲಿ ಬಿಟ್ಟು, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದು, ಶ್ರೀಪರ್ವತದ ಕಾಡುಗಳನ್ನು ಸೇರಿ, ಕೊನೆಗೆ ರಾಜ್ಯವನ್ನೇ ಸ್ಥಾಪಿಸಿದ ಕಥೆ ವಾಚಕರಿಗೆ ತಿಳಿದದ್ದೆ. ನಮ್ಮ ಇಂದಿನ ನಿಯಮಗಳ ಪ್ರಕಾರ ಅವನದು 'ವ್ಯಾಸಂಗವನ್ನು ಮಧ್ಯದಲ್ಲಿ ತ್ಯಜಿಸಿದ' ಪ್ರಕರಣ. ಘಟಿಕೆಯು ಅವನ ಊಟದ ವೆಚ್ಚವನ್ನು ಮರಳಿ ಕೇಳಿದ ಸೂಚನೆ ಶಾಸನದಲ್ಲಿಲ್ಲ. ಇದು ವಿನೋದಕ್ಕೆ ಹೇಳಿದ ಮಾತು. ಘಟಿಕೆಯ ಒಳಗಿನ ವ್ಯವಸ್ಥೆಯನ್ನು ತಾಳಗುಂದದ ಕವಿ ವಿವರಿಸುವುದಿಲ್ಲ. ಅದಕ್ಕಾಗಿ ಇನ್ನೂ ಐದಾರು ಶತಮಾನ ಮುಂದೆ ಬರಬೇಕು.

ಈಗಿನ ವಿಜಯಪುರ ಜಿಲ್ಲೆಯ ಇಂಡಿಗೆ ಸಮೀಪದ ಸಾಲೋಟಗಿಯಲ್ಲಿ ಶಕ 867ರ, ಎಂದರೆ ಕ್ರಿ.ಶ. 945ರ ಒಂದು ಸ್ತಂಭಶಾಸನವಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಆಗ ಪಾವಿಟ್ಟಗೆ ಎಂಬ ಹೆಸರಿದ್ದ ಈ ಊರಿನಲ್ಲಿ ಶಾಲೆಯೊಂದನ್ನು ಕಟ್ಟಿಸಿದನು. ನಾನಾ ಜನಪದಗಳಲ್ಲಿ ಹುಟ್ಟಿದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರು. ಅವರಿಗಾಗಿ 500 ನಿವರ್ತನ ಭೂಮಿ, ದೀಪಕ್ಕೆ 12 ನಿವರ್ತನ, ವಾಸಕ್ಕೆ 27 ಮನೆಗಳು; ಅಧ್ಯಾಪಕನಿಗೆ ಬೇರೆಯಾಗಿ 50 ನಿವರ್ತನ. ಇಷ್ಟೇ ಆಗಿದ್ದರೆ ಇದು ಒಬ್ಬ ಮಂತ್ರಿಯ ಔದಾರ್ಯದ ಕಥೆಯಾಗುತ್ತಿತ್ತು. ಊರವರು ಸಹ ಮದುವೆಗೆ 5, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂವರೆ ನಾಣ್ಯದಂತೆ ಶಾಲೆಗೆ ಸಲ್ಲಿಸಬೇಕೆಂದು ವಿಧಿಸಲಾಗಿದೆ. ಷರತ್ತು ಇಲ್ಲಿ ಸ್ಪಷ್ಟವಾಗಿಯೇ ಇದೆ. ಅದು ಬಿದ್ದಿರುವುದು ಮದುವೆಮನೆಯ ಯಜಮಾನನ ಮೇಲೆ.

ಇದಾದ ಸುಮಾರು ಒಂದು ಶತಮಾನದ ಮೇಲೆ, 1058ರಲ್ಲಿ, ಈಗಿನ ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲೂಕಿನ ನಾಗಾವಿಯಲ್ಲಿ ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನನು ಘಟಿಕಾಶಾಲೆಯೊಂದನ್ನು ಸ್ಥಾಪಿಸಿದನು. ವೇದ ಕಲಿಯುವವರು 200 ಮಂದಿ, ಶಾಸ್ತ್ರ ಕಲಿಯುವವರು ಸುಮಾರು 50 ಮಂದಿ. ವೇದಕ್ಕೂ ಶಾಸ್ತ್ರಕ್ಕೂ ಮೂವರು ಮೂವರು ಉಪಾಧ್ಯಾಯರು. ಇವರಲ್ಲದೆ ಆರು ಮಂದಿ ಸರಸ್ವತೀ ಭಂಡಾರಿಗರು, ಎಂದರೆ ಗ್ರಂಥಪಾಲರು. ಎಲ್ಲರ ಗ್ರಾಸಕ್ಕೆ ಭೂಮಿ ಬಿಟ್ಟಿದೆ. ನಮ್ಮ ಕಾಲದ ಎಷ್ಟು ಕಾಲೇಜುಗಳಲ್ಲಿ ಆರು ಮಂದಿ ಗ್ರಂಥಪಾಲರಿದ್ದಾರೆ ಎಂದು ಕೇಳುವ ಚಾಪಲ್ಯವನ್ನು ತಡೆದುಕೊಳ್ಳುತ್ತೇನೆ.

ಸೋಮೇಶ್ವರನಿಗೆ ಆಹವಮಲ್ಲನೆಂಬ ಬಿರುದು. ಅವನ ಬದ್ಧವೈರಿ ಚೋಳ ವೀರರಾಜೇಂದ್ರ. ಕೂಡಲಸಂಗಮದಲ್ಲಿ ಆಹವಮಲ್ಲನನ್ನು ಸೋಲಿಸಿದೆನೆಂದು ವೀರರಾಜೇಂದ್ರನು ಹೇಳಿಕೊಂಡಿರುವ ಪ್ರಶಸ್ತಿಯು ತಿರುಮುಕ್ಕೂಡಲಿನ ದೇವಾಲಯದ ಗೋಡೆಯ ಮೇಲಿದೆ. ಚೆಂಗಲ್ಪಟ್ಟಿನಿಂದ ಕಾಂಚಿಗೆ ಹೋಗುವ ಹಾದಿಯಲ್ಲಿ, ಪಳೆಯ ಸೀವರಂ ಬಳಿ, ಪಾಲಾರು, ಚೆಯ್ಯಾರು, ವೇಗವತಿಗಳು ಕೂಡುವ ಎಡೆಯಲ್ಲಿ ಈ ದೇವಾಲಯ. ಒಂದು ಭಾನುವಾರ ನಾನು ಅಲ್ಲಿಗೆ ಹೋಗಿದ್ದೆ. ನದಿಯಲ್ಲಿ ನೀರಿಗಿಂತ ಮರಳೇ ಹೆಚ್ಚಾಗಿತ್ತು. ಕನ್ನಡಿಗರ ಸೋಲನ್ನು ಕೊಂಡಾಡಿದ ಆ ಶಾಸನವೇ ಮುಂದೆ ಸಾಗಿ, ಜನನಾಥ ಮಂಟಪದಲ್ಲಿ ನಡೆಯುತ್ತಿದ್ದ ಪಾಠಶಾಲೆಯನ್ನೂ ವಿದ್ಯಾರ್ಥಿನಿಲಯವನ್ನೂ ವರ್ಣಿಸತೊಡಗುತ್ತದೆ. ಕಾಲ ಸುಮಾರು 1068. ವೇದ, ವ್ಯಾಕರಣ, ಪಾಂಚರಾತ್ರ ಮೊದಲಾದುವನ್ನು ಓದುವ 60 ಮಂದಿಗೆ ಅನ್ನ. ಮಲಗಲು ಚಾಪೆ. ಶನಿವಾರದ ಅಭ್ಯಂಜನಕ್ಕೆ ಎಣ್ಣೆ. ರಾತ್ರಿ ದೀಪಕ್ಕೆ ಎಣ್ಣೆ. ಕಾಯಿಲೆ ಬಿದ್ದವರಿಗೆ ವೀರಚೋಳನ ಹೆಸರಿನ 15 ಹಾಸಿಗೆಯ ಆತುರಶಾಲೆ. ಅದಕ್ಕೆ ವೈದ್ಯ, ಶಸ್ತ್ರಚಿಕಿತ್ಸಕ, ಮೂಲಿಕೆ ತರುವವರು, ಶುಶ್ರೂಷೆಯ ಹೆಂಗಸರು, ಕ್ಷೌರಿಕ. ವರ್ಷಕ್ಕೆ ಸಂಗ್ರಹಿಸಿಡಬೇಕಾದ ಔಷಧಗಳ ಪಟ್ಟಿ. ರಣರಂಗದಲ್ಲಿ ಒಬ್ಬರ ತಲೆಯನ್ನೊಬ್ಬರು ಕಡಿಯುತ್ತಿದ್ದ ಎರಡು ರಾಜ್ಯಗಳು ಹತ್ತು ವರ್ಷಗಳ ಅಂತರದಲ್ಲಿ ಓದುವ ಹುಡುಗರ ಹೊಟ್ಟೆಬಟ್ಟೆಯ ವಿಷಯದಲ್ಲಿ ಒಂದೇ ಬಗೆಯಾಗಿ ಯೋಚಿಸುತ್ತಿದ್ದುವು.

ಓದು ಸಾಗಿದೆಯೆ ಇಲ್ಲವೆ ಎಂಬುದನ್ನು ಇವರು ಕೇಳಲೇ ಇಲ್ಲವೆ? ಇದಕ್ಕೆ ಉತ್ತರ ಸಿಕ್ಕುವುದು ವಿಳುಪ್ಪುರಂ ಜಿಲ್ಲೆಯ ಎಣ್ಣಾಯಿರಂನಲ್ಲಿ. ರಾಜೇಂದ್ರ ಚೋಳನ ಕಾಲದ, ಸುಮಾರು 1025ರ ಆ ಶಾಸನವು ಹಣಕಾಸಿನ ದೃಷ್ಟಿಯಿಂದ ನಾನು ನೋಡಿದವುಗಳಲ್ಲೆಲ್ಲ ಅತ್ಯಂತ ಅಚ್ಚುಕಟ್ಟಾದದ್ದು. ಅಲ್ಲಿ 340 ವಿದ್ಯಾರ್ಥಿಗಳು, 14 ಅಧ್ಯಾಪಕರು. ವಿದ್ಯಾರ್ಥಿಗಳಲ್ಲಿ 270 ಮಂದಿ ಕಿರಿಯರು; ಇವರು ವೇದವನ್ನೂ ವ್ಯಾಕರಣದ ಆರಂಭಗ್ರಂಥವಾದ ರೂಪಾವತಾರವನ್ನೂ ಕಲಿಯತಕ್ಕವರು. 70 ಮಂದಿ ಹಿರಿಯರು. ಅವರದು ವ್ಯಾಕರಣ, ಪ್ರಾಭಾಕರ ಮೀಮಾಂಸೆ, ವೇದಾಂತ. ಕಿರಿಯನಿಗೆ ದಿನಕ್ಕೆ 6 ನಾಳಿ ಭತ್ತ. ಹಿರಿಯನಿಗೆ ಒಂದು ಕುರುಣಿ ಎರಡು ನಾಳಿ; 8 ನಾಳಿಗೆ ಒಂದು ಕುರುಣಿಯಾದುದರಿಂದ ಒಟ್ಟು 10 ನಾಳಿ; ಅದರ ಮೇಲೆ ಅರ್ಧ ಕಳಂಜು ಚಿನ್ನ. ಮೊದಲ ಹಂತವನ್ನು ದಾಟಿದವನ ಪಡಿ ಏರುತ್ತಿತ್ತು. ದಾಟದವನಿಗೆ 6 ನಾಳಿ ಇದ್ದೇ ಇತ್ತು. ಇನ್ನು ಅಧ್ಯಾಪಕರು: ವ್ಯಾಕರಣ, ಮೀಮಾಂಸೆಗಳನ್ನು ಹೇಳುವವರಿಗೆ ನಿತ್ಯದ ಭತ್ತವಲ್ಲದೆ ಪಾಠ ಹೇಳಿದ ಅಧ್ಯಾಯವೊಂದಕ್ಕೆ ಒಂದು ಕಳಂಜು ಚಿನ್ನ. ವ್ಯಾಕರಣಕ್ಕೆ 8 ಅಧ್ಯಾಯ, ಮೀಮಾಂಸೆಗೆ 12. ಎಂದಮೇಲೆ ಪ್ರಗತಿಯನ್ನು ಅಳೆಯುವ ಕೋಲು ಎಣ್ಣಾಯಿರಂನಲ್ಲಿಯೂ ಇತ್ತು. ಅಳತೆಗೆ ಒಳಗಾದವನು ಕಲಿಯುವವನಲ್ಲ, ಕಲಿಸುವವನು. ಪಾಠ ನಡೆಯದಿದ್ದರೆ ಚಿನ್ನ ತಪ್ಪುತ್ತಿದ್ದುದು ಗುರುವಿಗೆ. ಶಿಷ್ಯನ ಅನ್ನಕ್ಕೆ ಚ್ಯುತಿಯಿರಲಿಲ್ಲ.

ಪುದುಚೇರಿಗೆ ಸೇರಿದ ತಿರುಭುವನೈಯಲ್ಲಿ 1048ರಲ್ಲಿ 260 ವಿದ್ಯಾರ್ಥಿಗಳಿಗೂ 12 ಅಧ್ಯಾಪಕರಿಗೂ ಇಂಥದೇ ವ್ಯವಸ್ಥೆಯಿತ್ತು. ಅಲ್ಲಿಯ ವಿಶೇಷವೆಂದರೆ ಇವರನ್ನು ಊರಿನ ವಾರ್ಷಿಕ ಸಮಿತಿಗಳ ಕೆಲಸದಿಂದ ಬಿಡಿಸಲಾಗಿತ್ತು. ಓದಿಗೆ ಅಡ್ಡಿಯಾಗುವುದೇನು ಎಂಬುದನ್ನು ಕೊಟ್ಟವರೇ ಮೊದಲು ವಿಚಾರಿಸಿ ನಿವಾರಿಸಿದರು.

ನಡತೆಯ ಷರತ್ತು ಕನ್ನಡನಾಡಿನಲ್ಲಿ ಇಲ್ಲದಿರಲಿಲ್ಲ. ಕಾಳಾಮುಖ ಮಠಗಳಿಗೆ ಬಿಟ್ಟ ದತ್ತಿಗಳಲ್ಲಿ ನೈಷ್ಠಿಕ ಬ್ರಹ್ಮಚರ್ಯ ತಪ್ಪಿದವರಿಗೆ ಸ್ಥಾನವಿಲ್ಲವೆಂಬ ಮಾತು ಬರುತ್ತದೆ. 'ಸನ್ನಡತೆಯ ಪ್ರಮಾಣಪತ್ರ' ಎಂದು ನಾವು ಇಂದು ಕೇಳುವುದರ ಹಿರಿಯಜ್ಜ ಅದು. ಆದರೆ ಓದಿನಲ್ಲಿ ಹಿಂದೆ ಬಿದ್ದವನ ಪಡಿಯನ್ನು ಕಡಿಯಬೇಕೆಂಬ ವಿಧಿ ಮೇಲೆ ಹೇಳಿದ ದತ್ತಿಗಳಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ದಾನಶಾಸನಗಳ ಕೊನೆಗೆ ಬರುವ ಶಾಪವಂತೂ ಎಲ್ಲರಿಗೂ ಪರಿಚಿತ: ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರುವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿರುತ್ತಾನೆ. ಈ ದಂಡನೆಯ ಕಲಮು ಕೊಟ್ಟವನ ಮೇಲೆ, ಅವನ ಸಂತತಿಯ ಮೇಲೆ, ಮುಂದೆ ಬರುವ ಅರಸರ ಮೇಲೆ.

ಇಷ್ಟನ್ನು ಓದಿ ಹಿಂದಿನ ಕಾಲವೇ ಚೆನ್ನಾಗಿತ್ತೆಂದು ಯಾರಾದರೂ ತಲೆದೂಗಿದರೆ ಅವರೊಡನೆ ನಾನಿಲ್ಲ. ಷರತ್ತಿಲ್ಲದ ಆ ಅನ್ನದ ಪಂಕ್ತಿಗೆ ಬಾಗಿಲಲ್ಲಿಯೇ ಒಂದು ಷರತ್ತಿತ್ತು; ಅದನ್ನು ಕಲ್ಲಿನ ಮೇಲೆ ಬರೆಯಬೇಕಾದ ಅಗತ್ಯವೂ ಇರಲಿಲ್ಲ. ವೇದದ ಓದು ಯಾರಿಗೆ ಸಲ್ಲುತ್ತಿತ್ತೋ ಅವರಿಗೇ ಆ 60, 250, 340 ಎಡೆಗಳು. ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನವು ವೇದವ್ಯಾಕರಣಗಳ ಪಾಠವನ್ನು ಹೇಳುವುದರ ಜೊತೆಗೆ ದೀನರು, ಅನಾಥರು, ಕುಂಟರು, ಕುರುಡರು ಎಲ್ಲರಿಗೂ ಅನ್ನವನ್ನೂ ರೋಗಿಗಳಿಗೆ ಮದ್ದನ್ನೂ ಕೊಡುವ ಸ್ಥಾನವೆಂದು ವರ್ಣಿಸುತ್ತದೆ. ಅನ್ನದ ಬಾಗಿಲು ಅಗಲವಾಗಿತ್ತು, ಪಾಠದ ಬಾಗಿಲು ಕಿರಿದಾಗಿತ್ತು. ಹುಟ್ಟಿನಿಂದಲೇ ಆಯ್ಕೆ ಮುಗಿದ ಮೇಲೆ ಪರೀಕ್ಷೆಯಿಂದ ಆಯುವ ಗೋಜೇಕೆ?

ಪರೀಕ್ಷೆಗೂ ಹಣಕ್ಕೂ ಇಂದಿನ ಅರ್ಥದಲ್ಲಿ ಗಂಟುಬಿದ್ದುದು ಇಂಗ್ಲಿಷರ ಆಳಿಕೆಯಲ್ಲಿ. ಮದರಾಸು ಪ್ರಾಂತದಲ್ಲಿ 1860ರ ದಶಕದಿಂದ ಫಲಿತಾಂಶದ ಮೇಲೆ ಅನುದಾನ ಎಂಬ ಪದ್ಧತಿ ಬಂದಿತು. ಇನ್ಸ್ಪೆಕ್ಟರು ಬಂದು ಪರೀಕ್ಷಿಸಿ, ಎಷ್ಟು ಮಕ್ಕಳು ತೇರ್ಗಡೆಯಾದರೋ ಅಷ್ಟಕ್ಕೆ ಶಾಲೆಗೆ ಹಣ. ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳು ಆಗ ಈ ಪ್ರಾಂತಕ್ಕೇ ಸೇರಿದ್ದುದರಿಂದ ಮಂಗಳೂರಿನ, ಬಳ್ಳಾರಿಯ ಶಾಲೆಗಳೂ ಇದರ ಕೈಕೆಳಗೆ ಬಂದುವು. ಎಣ್ಣಾಯಿರಂನಂತೆ ಇಲ್ಲಿಯೂ ಲೆಕ್ಕ ಕಲಿಸುವವನದೇ. ಆದರೆ ಎಣ್ಣಾಯಿರಂನಲ್ಲಿ ಹೇಳಿದ ಪಾಠಕ್ಕೆ ಚಿನ್ನ, ಇಲ್ಲಿ ಒಪ್ಪಿಸಿದ ಪಾಠಕ್ಕೆ ರೂಪಾಯಿ. ಹಣ ತರಲಾರದ ಮಂದಬುದ್ಧಿಯ ಹುಡುಗನು ಉಪಾಧ್ಯಾಯನಿಗೆ ನಷ್ಟದ ಬಾಬ್ತಾದನು. 1904ರ ಕರ್ಜನ್ನನ ಶಿಕ್ಷಣ ನಿರ್ಣಯವು ಈ ಪದ್ಧತಿಯನ್ನು ಖಂಡಿಸಿದ ಮೇಲೆ ಅದು ತೆರೆಯ ಮರೆಗೆ ಸರಿಯಿತು.

ವ್ಯಕ್ತಿಗೆ ಕೊಡುವ ವೇತನದ ವಿಷಯದಲ್ಲಿ ಎರಡು ಉದಾಹರಣೆ ಸಾಕು. ಬೆಂಗಳೂರಿನಲ್ಲಿ 1881ರಲ್ಲಿ ಬಿ.ಎ. ಮುಗಿಸಿದ ಎಂ. ವಿಶ್ವೇಶ್ವರಯ್ಯನವರು ಮೈಸೂರು ಸರ್ಕಾರದ ವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಓದಿ 1883ರಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಆದರೆ ನೌಕರಿಗೆ ಸೇರಿದುದು ಮುಂಬಯಿ ಸರ್ಕಾರದಲ್ಲಿ. ಮೈಸೂರಿನ ಲೆಕ್ಕಪರಿಶೋಧಕನೊಬ್ಬನು 1884ರಲ್ಲಿ ಈ ವೆಚ್ಚವನ್ನು ನೋಡಿದ್ದರೆ ಹಣ ಹೊರಪ್ರಾಂತಕ್ಕೆ ಹರಿದುಹೋಯಿತೆಂದೇ ಬರೆಯುತ್ತಿದ್ದ. 25 ವರ್ಷಗಳ ಮೇಲೆ, 1909ರಲ್ಲಿ, ಅವರು ಮುಖ್ಯ ಎಂಜಿನಿಯರರಾಗಿ ಮೈಸೂರಿಗೆ ಹಿಂದಿರುಗಿದರು, 1912ರಲ್ಲಿ ದಿವಾನರಾದರು, 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾನಿಲಯ. ವಿದ್ಯೆಗೆ ಹಾಕಿದ ಬಂಡವಾಳ ಯಾವ ವರ್ಷ ಬಡ್ಡಿ ಕೊಡುತ್ತದೆಂದು ಯಾವ ಕೋಷ್ಟಕದಲ್ಲಿ ಬರೆಯೋಣ?

ಇನ್ನೊಂದು ಉದಾಹರಣೆ ಕಹಿಯಾದದ್ದು. 1913ರಲ್ಲಿ ಬರೋಡ ಸಂಸ್ಥಾನವು ಭೀಮರಾವ್ ಅಂಬೇಡ್ಕರರಿಗೆ ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವೇತನ ಕೊಟ್ಟು, ವ್ಯಾಸಂಗದ ತರುವಾಯ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂದು ಕರಾರು ಬರೆಸಿಕೊಂಡಿತು. ನ್ಯೂಯಾರ್ಕಿನ ಕೊಲಂಬಿಯದಲ್ಲಿ ಅವರ ಪ್ರಗತಿಗೆ ಯಾವ ಕೊರತೆಯೂ ಇರಲಿಲ್ಲ. ಆದರೂ ಅಲ್ಲಿಂದ ಲಂಡನ್ನಿಗೆ ಹೋಗಿ ಕೈಗೊಂಡ ಓದು ಅರ್ಧದಲ್ಲಿದ್ದಾಗ ವೇತನದ ಅವಧಿ ಮುಗಿದು 1917ರಲ್ಲಿ ಅವರು ಹಿಂದಿರುಗಬೇಕಾಯಿತು. ಬರೋಡದಲ್ಲಿ ಸೇವೆಗೆ ಸೇರಿದಾಗ ಇರಲು ಒಂದು ಕೋಣೆ ಸಹ ಅವರಿಗೆ ದಕ್ಕಲಿಲ್ಲ. ಕರಾರಿನಲ್ಲಿ ವಿದ್ಯಾರ್ಥಿಯ ಬದ್ಧತೆ ಇತ್ತು; ವಿದ್ಯಾವಂತನಾಗಿ ಬಂದವನಿಗೆ ಸೂರು ಕೊಡುವ ಬದ್ಧತೆ ಯಾರ ಮೇಲೂ ಇರಲಿಲ್ಲ. ತಾವೇ ಹಣ ಕೂಡಿಸಿಕೊಂಡು 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ ಅವರು ಓದನ್ನು ಪೂರೈಸಿದರು. ವೈಸರಾಯರ ಕಾರ್ಯಕಾರಿ ಮಂಡಲದಲ್ಲಿ ಅವರು ಸದಸ್ಯರಾಗಿದ್ದ ಕಾಲದಲ್ಲಿಯೇ, 1944ರಲ್ಲಿ, ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವೇತನ ಆರಂಭವಾದುದು ಆಕಸ್ಮಿಕವಲ್ಲ.

ಸ್ವಾತಂತ್ರ್ಯಾನಂತರ ಬಹುಕಾಲ ನಡೆದುಬಂದ ಆ ವೇತನದ ನಿಯಮಾವಳಿಯನ್ನು ನಾನು ಮೆಚ್ಚಿ ಓದಿದೆ. ಪ್ರಗತಿ ತೃಪ್ತಿಕರವೆಂದು ಸಂಸ್ಥೆಯ ಮುಖ್ಯಸ್ಥರು ದೃಢೀಕರಿಸಿದರೆ ವರ್ಷವರ್ಷಕ್ಕೂ ನವೀಕರಣ. ವೈದ್ಯ, ಎಂಜಿನಿಯರಿಂಗ್ ಮೊದಲಾದ ವ್ಯಾಸಂಗಗಳಲ್ಲಿ ಮೊದಲ ಸಲ ಅನುತ್ತೀರ್ಣನಾದರೆ ವೇತನವನ್ನು ಮುಂದುವರಿಸಬಹುದು. ಎರಡನೆಯ ಸಲವಾದರೆ ಮುಂದಿನ ತರಗತಿಗೆ ಹೋಗುವ ತನಕ ವಿದ್ಯಾರ್ಥಿ ತನ್ನ ವೆಚ್ಚವನ್ನು ತಾನೇ ನೋಡಿಕೊಳ್ಳಬೇಕು. ಕಾಯಿಲೆಯಿಂದ ಪರೀಕ್ಷೆ ತಪ್ಪಿದವನಿಗೆ ವೈದ್ಯರ ಪತ್ರದ ಮೇಲೆ ವಿನಾಯಿತಿ. ಒಂದು ಸೋಲಿಗೆ ಇಲ್ಲಿ ಎಡೆಯಿದೆ. ಇದಕ್ಕೆ ಹೋಲಿಸಿದರೆ, ಪ್ರತಿಭೆಯ ಆಧಾರದ ಮೇಲೆ ಕೇಂದ್ರ ಸರ್ಕಾರವು ಕಾಲೇಜು ವಿದ್ಯಾರ್ಥಿಗಳಿಗೆ ಕೊಡುವ ವೇತನದಲ್ಲಿ ನವೀಕರಣಕ್ಕೆ ಶೇಕಡ 50 ಅಂಕ, ಶೇಕಡ 75 ಹಾಜರಿ ಎಂದು ಗೆರೆ ಎಳೆದಿದೆ. ಅಮೆರಿಕದಲ್ಲಿರುವ ನಮ್ಮ ಬಂಧುಗಳ ಮಕ್ಕಳಿಗೆ ಇನ್ನೊಂದು ಬಗೆ. ಅಲ್ಲಿಯ 1965ರ ಉನ್ನತ ಶಿಕ್ಷಣ ಕಾಯಿದೆಗೆ 1976ರಲ್ಲಿ 'ತೃಪ್ತಿಕರ ಪ್ರಗತಿ'ಯ ಕಟ್ಟಳೆ ಸೇರಿತು. ಸರಾಸರಿ ದರ್ಜೆ ಇಷ್ಟಿರಬೇಕು, ತೆಗೆದುಕೊಂಡ ಪಾಠಗಳಲ್ಲಿ ಇಷ್ಟು ಭಾಗ ಪೂರೈಸಿರಬೇಕು, ನಾಲ್ಕು ವರ್ಷದ ವ್ಯಾಸಂಗ ಆರು ವರ್ಷದೊಳಗೆ ಮುಗಿಯಬೇಕು. ಕಾಯಿಲೆ, ಆಪ್ತರ ಮರಣ ಮುಂತಾದ ಕಾರಣಗಳಿಗೆ ಮೇಲ್ಮನವಿ ಉಂಟು. ಒಂದೂವರೆ ಪಟ್ಟು ಕಾಲ ಕೊಡುವ ಈ ಲೆಕ್ಕ ನನಗೆ ವಿವೇಕದ್ದಾಗಿ ಕಂಡಿತು.

ಬ್ಯಾಂಕುಗಳ ಮಾತು ಹೇಳದೆ ಜಾರಿಕೊಳ್ಳಲಾರೆ. ಭಾರತೀಯ ಬ್ಯಾಂಕುಗಳ ಸಂಘವು 2001ರಲ್ಲಿ ಸಿದ್ಧಪಡಿಸಿದ ವಿದ್ಯಾಸಾಲದ ಮಾದರಿಯಲ್ಲಿ ಕಾಲೇಜಿನಿಂದ ಆಗಾಗ ಪ್ರಗತಿಯ ವರದಿ ತರಿಸಿಕೊಳ್ಳಬೇಕೆಂದಿದೆ. 2009ರ ಬಡ್ಡಿ ಸಹಾಯಧನವು ಓದನ್ನು ನಡುವೆ ಬಿಟ್ಟವರಿಗಿಲ್ಲ. ಅನಾರೋಗ್ಯಕ್ಕೆ ಮಾತ್ರ ವಿನಾಯಿತಿ. ಇಂಥ ಕಲಮುಗಳನ್ನು ಅನ್ವಯಿಸುವುದೇ ನನ್ನ ಹೊಟ್ಟೆಪಾಡು.

ಕೆಲವು ವರ್ಷಗಳ ಹಿಂದೆ ನಾನಿದ್ದ ಶಾಖೆಯೊಂದರಲ್ಲಿ ತಾಳವಾಡಿ ಕಡೆಯ ಹುಡುಗನೊಬ್ಬನ ಸಾಲದ ಕಡತ ನನ್ನ ಮೇಜಿಗೆ ಬಂದಿತು. ಈರೋಡು ಜಿಲ್ಲೆಗೆ ಸೇರಿದರೂ ತಾಳವಾಡಿ ಕನ್ನಡದ ಸೀಮೆ. ಹುಡುಗ ಹತ್ತನೆಯ ತರಗತಿಯ ತನಕ ಕನ್ನಡದಲ್ಲಿ ಓದಿ ಈ ಊರಿನ ಎಂಜಿನಿಯರಿಂಗ್ ಕಾಲೇಜು ಸೇರಿದ್ದ. ಎರಡನೆಯ ವರ್ಷದ ಕೊನೆಗೆ ಮೂರು ವಿಷಯಗಳಲ್ಲಿ, ಇಲ್ಲಿಯ ಮಾತಿನಲ್ಲಿ ಹೇಳುವುದಾದರೆ, ಅವನಿಗೆ 'ಅರಿಯರ್' ಇತ್ತು. ಅದರಲ್ಲಿ ಎರಡು ಗಣಿತ. ತಂದೆ ಅರಿಸಿನ ಬೆಳೆಯುವ ಸಣ್ಣ ರೈತ. ಅವರು ಕೌಂಟರಿನ ಮುಂದೆ ನಿಂತು ಕನ್ನಡದಲ್ಲಿ ಮಾತಾಡಿದಾಗ ನಾನೂ ಕನ್ನಡದಲ್ಲಿಯೇ ಉತ್ತರ ಕೊಟ್ಟೆ. 'ಸ್ವಾಮಿ, ಪಾಠವೆಲ್ಲ ಇಂಗ್ಲಿಷಿನಲ್ಲಿ ಹೇಳ್ತಾರಂತೆ, ಮನೆಪಾಠಕ್ಕೆ ನಮ್ಮ ಕೈಲಿ ಆಗಲ್ಲ, ಇನ್ನೊಂದ್ಸಲ ಬರೀತಾನೆ, ಫೀಜು ಕಟ್ಟಿಬಿಡಿ' ಎಂದರು. ನಾನು ಮರ್ಯಾದೆಯಿಂದ ಕೂಡಿಸಿ, ಕಾಫಿ ತರಿಸಿ, ಅವರು ಹೋದ ಮೇಲೆ ಕಡತದಲ್ಲಿ 'ಪ್ರಗತಿ ತೃಪ್ತಿಕರವಲ್ಲ; ಕಂತನ್ನು ತಡೆಹಿಡಿಯಲಾಗಿದೆ' ಎಂದು ಬರೆದೆ. ನಿಯಮದಲ್ಲಿ ಹಾಗೆಯೇ ಇತ್ತು. ಐದು ತಿಂಗಳಾದ ಮೇಲೆ ಎರಡು ವಿಷಯಗಳಲ್ಲಿ ತೇರ್ಗಡೆಯಾಗಿದೆಯೆಂದು ಕಾಗದ ಬಂದಿತು. ಕಂತನ್ನು ಬಿಡುಗಡೆ ಮಾಡಿದೆವು. ಅಷ್ಟರಲ್ಲಿ ಹುಡುಗ ಊರಿಗೆ ಹೋಗಿ ತಂದೆಯ ಜೊತೆ ಹೊಲಕ್ಕೆ ಇಳಿದಿದ್ದ. ಹಣವನ್ನು ಕಾಲೇಜಿನವರು ಹಿಂದಕ್ಕೆ ಕಳುಹಿಸಿದರು. ಅದುವರೆಗಿನ ಸಾಲವನ್ನು ಆ ತಂದೆ ಒಂದು ಕಂತೂ ತಪ್ಪದಂತೆ ಕಟ್ಟಿ, ಅವಧಿಗೆ ಮುನ್ನವೇ ತೀರಿಸಿದರು. ನಮ್ಮ ಪುಸ್ತಕದಲ್ಲಿ ಅದು ಉತ್ತಮ ಖಾತೆ.

ನಾನು ಅಂದು ಕಾಲೇಜಿಗೆ ಬರೆದ ಕಾಗದದಲ್ಲಿ ಹುಡುಗನ ಅಂಕಗಳನ್ನು ಕೇಳಿದ್ದೆ. ಗಣಿತದ ಪಾಠ ಎಷ್ಟು ಅಧ್ಯಾಯ ನಡೆಯಿತೆಂದು ಕೇಳಿರಲಿಲ್ಲ.

ಸಮಿತಿಯ ಮುಂದಿನ ಸಭೆಗೆ ನಾನು ಒಯ್ಯಲಿರುವ ತಿದ್ದುಪಡಿಯನ್ನು ಇಲ್ಲಿಯೇ ಕಾಣಿಸುತ್ತೇನೆ. ನಮ್ಮ ನಿಧಿಯ ವಿದ್ಯಾರ್ಥಿಯು ಅನುತ್ತೀರ್ಣನಾದರೆ ಸಮಿತಿಯ ಸದಸ್ಯರೊಬ್ಬರು ಹದಿನೈದು ದಿನದೊಳಗೆ ಅವನನ್ನು ಕಂಡು ಕಾರಣವನ್ನು ಬರೆದು ತರತಕ್ಕದ್ದು. ಊಟ, ವಸತಿಯ ಹಣವನ್ನು ಅದುವರೆಗೆ ನಿಲ್ಲಿಸಕೂಡದು. ಮೊದಲ ಸೋಲಿಗೆ ಪಾಠದ ಏರ್ಪಾಡು, ಎರಡನೆಯದಕ್ಕೆ ಮಾತ್ರ ವಿಚಾರಣೆ. ಸೂಚನೆ ತಂದ ಸದಸ್ಯರೊಡನೆ ಇದನ್ನು ಮಾತಾಡಿದ್ದೇನೆ. ಅವರು ನಿವೃತ್ತ ಗಣಿತದ ಅಧ್ಯಾಪಕರು. ಪೂರ್ತಿ ಒಪ್ಪಿಲ್ಲ. ಆದರೆ ವಾರಕ್ಕೆರಡು ಸಂಜೆ ಪಲ್ಲಾವರದ ತಮ್ಮ ಮನೆಯ ಜಗಲಿಯಲ್ಲಿ ಹುಡುಗರಿಗೆ ಪಾಠ ಹೇಳಲು ಅಡ್ಡಿಯಿಲ್ಲ, ದೀಪದ ಖರ್ಚೂ ತಮ್ಮದೇ ಇರಲಿ ಎಂದಿದ್ದಾರೆ.